ಕಲ್ಲನ್ನೇ ಕಾಣದ ಕಾಗದಕ್ಕೆ ಕಲ್ಲಚ್ಚೆಂಬ ಬಿರುದು

ಬೆಳ್ಳಂಬೆಳಗ್ಗೆ ಕಣ್ಣಿಗೆ ಬಿದ್ದ ಜಾಹೀರಾತು: ‘ಒರಿಜಿನಲ್ ವಿಂಟೇಜ್ ಫ್ರೆಂಚ್ ಲಿಥೋಗ್ರಾಫ್, ಕ್ಯಾಬರೆ ಡ್ಯಾನ್ಸರ್, ಎ3 ಸೈಜ್, 40 ಪೀಸ್ ಸ್ಟಾಕ್ ಇದೆ, ನಾಲ್ಕು ಸಾವಿರ ಮಾತ್ರ.’ ಕೆಳಗೆ ನಮ್ಮ ಬಳಗದವರೇ ಮೂರು ಜನ ಹೃದಯ ಒತ್ತಿದ್ದಾರೆ. ಲಿಥೋಗ್ರಾಫ್ ಅಂದರೆ ಕಲ್ಲಚ್ಚು, ಕಲ್ಲಿನ ಮೇಲೆ ಬರೆದು ಹಾಳೆಗೆ ಒತ್ತಿದ ಚಿತ್ರ. ಒರಿಜಿನಲ್ಲೂ ಹೌದಂತೆ, ನಲವತ್ತೂ ಇವೆಯಂತೆ!

ಮೊದಲು ಆ ‘ಕ್ಯಾಬರೆ ಡ್ಯಾನ್ಸರ್’ ಯಾರು ಅಂತ ಹೇಳಿಬಿಡ್ತೇನೆ. ಹೆಸರು ಲೂಯಿಸ್ ವೇಬರ್. ಗಿರಾಕಿಗಳ ಗ್ಲಾಸನ್ನೂ ಎತ್ತಿ ಖಾಲಿ ಮಾಡುತ್ತಿದ್ದಳು ಅಂತ ಪ್ಯಾರಿಸ್ಸಿನ ಜನ ಇಟ್ಟ ಅಡ್ಡಹೆಸರು ಲಾ ಗೂಲ್ಯೂ, ಅಂದರೆ ಹೊಟ್ಟೆಬಾಕಿ. ಇದಕ್ಕೇನೂ ಸಂಶೋಧನೆ ಬೇಕಿಲ್ಲ, ಮಾರಾಟಕ್ಕಿಟ್ಟ ಪೋಸ್ಟರಿನ ಮೇಲೇ ದಪ್ಪಕ್ಷರದಲ್ಲಿದೆ. ಮಾರುವವನು ತಾನು ಮಾರುವ ವಸ್ತುವನ್ನು ಓದಿಯೂ ಇಲ್ಲ.

ಫ್ರೆಂಚ್ ಚಿತ್ರಕಾರ ತುಲೂಸ್ ಲೊತ್ರೆಕ್ 1891ರಲ್ಲಿ ಪ್ಯಾರಿಸ್ಸಿನ ಮುಲಾಂ ರೂಜ್ ಕ್ಯಾಬರೆಗೆ ಮಾಡಿಕೊಟ್ಟ ಈ ಪೋಸ್ಟರ್ ಆತನ ಮೊದಲ ಪೋಸ್ಟರ್. ಸುಮಾರು 190 ಸೆಂಟಿಮೀಟರ್ ಎತ್ತರ, 117 ಅಗಲ. ಆಳೆತ್ತರಕ್ಕೂ ಮಿಗಿಲು. ಒಂದೇ ಹಾಳೆಯಲ್ಲಿ ಇಷ್ಟು ದೊಡ್ಡದನ್ನು ಅಚ್ಚು ಹಾಕಲಾಗದೆ ಬೇರೆ ಬೇರೆ ಹಾಳೆಗಳಲ್ಲಿ ಹಾಕಿ ಗೋಡೆಯ ಮೇಲೆ ಜೋಡಿಸಿ ಅಂಟಿಸುತ್ತಿದ್ದರು. ಮೇಲಿನ ಪಟ್ಟಿ ಪ್ರತ್ಯೇಕ ಹಾಳೆಯಾಗಿದ್ದರಿಂದ ಉಳಿದಿರುವ ಎಷ್ಟೋ ಪ್ರತಿಗಳಲ್ಲಿ ಅದು ಇಲ್ಲ. ಅಚ್ಚಾದದ್ದು ಸುಮಾರು 3000. ಹೆಚ್ಚಿನವು ಮಳೆಗೆ ಕರಗಿದವು, ಇಲ್ಲವೇ ಇನ್ನೊಂದು ಜಾಹೀರಾತಿನ ಅಡಿ ಸೇರಿದವು. ಆ ಪೋಸ್ಟರ್ ಎ3 ಹಾಳೆಯೊಳಗೆ ಹೊಕ್ಕು ಕೂತದ್ದು ಹೇಗೆ ಮಾರಾಯ್ರೆ?

ತಿಳಿದವರು ಯಾರಾದರೂ ‘ಚಿಕ್ಕ ಸೈಜಿನ ಅಸಲಿಯೂ ಇದೆಯಲ್ಲ’ ಅಂತ ಕೇಳಬಹುದು. ಇದೆ. ಪೋಸ್ಟರ್ ಕಲಾವಿದ ಜೂಲ್ ಶೆರೆಯ ಮೇಲ್ವಿಚಾರಣೆಯಲ್ಲಿ ಪ್ಯಾರಿಸ್ಸಿನ ಶೇ ಮುದ್ರಣಾಲಯ 1895ರಿಂದ 1900ರವರೆಗೆ ‘ಲೆ ಮೆತ್ರ್ ದ ಲಾಫಿಶ್’, ಅಂದರೆ ‘ಪೋಸ್ಟರಿನ ದಿಗ್ಗಜರು’ ಅನ್ನೋ ಮಾಲೆ ತಂದಿತು. ದೊಡ್ಡ ಪೋಸ್ಟರುಗಳನ್ನು ಸುಮಾರು 29×40 ಸೆಂಟಿಮೀಟರಿಗೆ ಇಳಿಸಿ ಮತ್ತೆ ಲಿಥೋದಲ್ಲೇ ಹಾಕಿದ 240 ಹಾಳೆಗಳು, ಜೊತೆಗೆ 16 ವಿಶೇಷ ಹಾಳೆಗಳು, ಒಟ್ಟು 256. ಅಳತೆ ಎ3ಗೆ ಹತ್ತಿರ ಅನ್ನೋದೇ ಮೋಸಗಾರರಿಗೆ ಅನುಕೂಲ. ಆದರೆ ಅಸಲಿ ಹಾಳೆಯ ಅಂಚಿನಲ್ಲಿ ಮಾಲೆಯ ಹೆಸರು, ಹಾಳೆಯ ಸಂಖ್ಯೆ, ಶೇ ಮುದ್ರಣಾಲಯದ ಹೆಸರು ಇರುತ್ತವೆ. ಬಲಗಡೆ ಕೆಳಮೂಲೆಯಲ್ಲಿ ಮಸಿಯಿಲ್ಲದೆ ಒತ್ತಿದ ಉಬ್ಬುಮುದ್ರೆ. ಬೆರಳಾಡಿಸಿದರೆ ತಾಗಬೇಕು. ಫೋಟೋದಲ್ಲಿ ಮುದ್ರೆ ಕಂಡರೆ ಸಾಲದು, ಅದನ್ನೂ ಚಿತ್ರದ ಜೊತೆಗೇ ಪ್ರಿಂಟ್ ಹೊಡೆದಿರುತ್ತಾರೆ.

ಈಗ ಮುಖ್ಯ ತಕರಾರಿಗೆ ಬರ್ತೇನೆ. ಲಿಥೋಗ್ರಾಫ್ ಅಂದರೆ ‘ಹಳೇ ಥರ ಕಾಣುವ ಚಿತ್ರ’ ಅಲ್ಲ, ಅದೊಂದು ಕೆಲಸ. ಕನ್ನಡದಲ್ಲಿ ಅದಕ್ಕೆ ಕಲ್ಲಚ್ಚು ಅನ್ನೋ ನೇರ ಹೆಸರೇ ಇದೆ. 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಬಂದದ್ದು ಕಲ್ಲಚ್ಚಿನಲ್ಲೇ. ನಮಗೆ ಪರಕೀಯವಾದ ಮಾತೇನಲ್ಲ ಇದು.

ಅದಕ್ಕೆ ಬೇಕಾದ್ದು ಜರ್ಮನಿಯ ಬವೇರಿಯಾದ ಸೋಲ್ನ್‌ಹೋಫೆನ್ ಕಡೆಯ ನುಣುಪು ಸುಣ್ಣಕಲ್ಲು. 60×80 ಅಳತೆಯದು 8 ಸೆಂಟಿಮೀಟರ್ ದಪ್ಪ ಇದ್ದರೆ ನೂರು ಕಿಲೋ ತೂಗುತ್ತದೆ. ಕಾರ್ಬೊರಂಡಮ್ ಪುಡಿ, ನೀರು ಹಾಕಿ ಉಜ್ಜಬೇಕು. ಮೊದಲು 80 ನಂಬರಿನ ಒರಟು ಪುಡಿ, ಆಮೇಲೆ 180, ಕೊನೆಗೆ 220. ಒಂದು ಒರಟು ಕಣ ಉಳಿದರೂ ಗೀರು ಬಿತ್ತು, ಆ ಗೀರು ಪ್ರತಿ ಹಾಳೆಯಲ್ಲೂ ಕಾಣುತ್ತದೆ. ಆಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುವುದು, ಅದೂ ಎಡಬಲ ತಿರುವುಮುರುವಾಗಿ. ಅಂಗೈ ಕಲ್ಲಿಗೆ ತಾಗಿಸುವಂತಿಲ್ಲ, ಬೆವರಿನ ಜಿಡ್ಡೂ ಮಸಿ ಹಿಡಿಯುತ್ತದೆ.

ನಂತರ ಅರೇಬಿಕ್ ಗೋಂದಿಗೆ ನೈಟ್ರಿಕ್ ಆಸಿಡ್ ಬೆರೆಸಿ ಬಳಿಯಬೇಕು. 30 ಮಿಲಿಲೀಟರ್ ಗೋಂದಿಗೆ ತೆಳು ಗೆರೆಯಿದ್ದರೆ ನಾಲ್ಕೈದು ಹನಿ, ದಪ್ಪ ಕಪ್ಪಿದ್ದರೆ ಹತ್ತು ಹದಿನೈದು. ಎಲ್ಲ ಕೆಡುವುದು ಇಲ್ಲೇ. ಆಸಿಡ್ ಹೆಚ್ಚಾದರೆ ನಯವಾದ ಛಾಯೆಯೆಲ್ಲ ಸುಟ್ಟುಹೋಗುತ್ತದೆ, ಕಮ್ಮಿಯಾದರೆ ಖಾಲಿ ಜಾಗವೂ ಮಸಿ ಕುಡಿದು ಚಿತ್ರ ಕೊಳೆಯಾಗುತ್ತದೆ. ಆಮೇಲೆ ಟರ್ಪಂಟೈನ್ ಹಾಕಿ ಚಿತ್ರ ಒರೆಸುತ್ತಾರೆ. ಕಣ್ಣಿಗೆ ಹೆಚ್ಚುಕಮ್ಮಿ ಏನೂ ಉಳಿಯುವುದಿಲ್ಲ, ಆದರೆ ಜಿಡ್ಡು ಕಲ್ಲಿನೊಳಗೆ ಕೂತಿರುತ್ತದೆ. ಸ್ಪಂಜಿನಿಂದ ಒದ್ದೆ ಮಾಡಿ ರೋಲರ್ ಉರುಳಿಸಿದರೆ ನೀರಿದ್ದಲ್ಲಿ ಮಸಿ ಹತ್ತದು, ಜಿಡ್ಡಿದ್ದಲ್ಲಿ ಹತ್ತುತ್ತದೆ. ಕಲ್ಲು ಅರೆಕ್ಷಣ ಒಣಗಿದರೂ ಮುಗೀತು.

ಇಷ್ಟು ಮಾಡಿದ್ದು ಒಂದು ಬಣ್ಣಕ್ಕೆ. ಲಾ ಗೂಲ್ಯೂಗೆ ಹಳದಿ, ಕೆಂಪು, ನೀಲಿ, ಕಪ್ಪು, ಒಂದೊಂದಕ್ಕೂ ಬೇರೆ ಕಲ್ಲು. ಕಾಗದ ತೇವಕ್ಕೆ ಒಂದು ಮಿಲಿಮೀಟರ್ ಹಿಗ್ಗಿದರೂ ಬಣ್ಣ ಗೆರೆ ದಾಟುತ್ತದೆ. ಅಸಲಿ ಪೋಸ್ಟರುಗಳಲ್ಲಿ ಅಂಚಿನಲ್ಲೊಂದು ಬಿಳಿ ಕೂದಲೆಳೆ, ಎಲ್ಲೋ ಎರಡು ಬಣ್ಣ ಒಂದರ ಮೇಲೊಂದು ಏರಿದ್ದು ಕಾಣುವುದು ಇದರಿಂದಲೇ. ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ ಅದೇ ಕಲ್ಲನ್ನು ಉಜ್ಜಿ ಇನ್ನೊಂದು ಚಿತ್ರಕ್ಕೆ ಬಳಸುತ್ತಿದ್ದರು. ‘ಮೂಲ ಕಲ್ಲಿನಿಂದಲೇ ಹೊಸದಾಗಿ ತೆಗೆದದ್ದು’ ಅಂತ ಯಾರಾದರೂ ಹೇಳಿದರೆ ಚಹಾ ಕುಡಿಸಿ ಕಳಿಸಿ.

ಪರೀಕ್ಷೆಗೆ ಬೇಕಾದ್ದು ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಲೂಪ್ ಅಷ್ಟೇ. ಒಂದೇ ಬಣ್ಣ ಹರಡಿದ ಜಾಗ ನೋಡಿ. ಚುಕ್ಕಿಗಳು ರಂಗೋಲಿಗೆ ಇಟ್ಟ ಹಾಗೆ ಲೆಕ್ಕಾಚಾರವಾಗಿ ಸಾಲುಗಟ್ಟಿ, ಪುಟ್ಟ ಪುಟ್ಟ ಹೂವಿನ ಹಾಗೆ ಕೂತಿದ್ದರೆ ಅದು ಆಫ್‌ಸೆಟ್. ಸಾಲೇ ಇಲ್ಲದೆ ಮಂಜಿನ ಹಾಗೆ ಅತಿ ಸಣ್ಣ ಚುಕ್ಕಿ, ಹಳದಿಯೊಳಗೂ ಅಲ್ಲೊಂದು ಇಲ್ಲೊಂದು ನೀಲಿ, ಗುಲಾಬಿ ಕಣ ಕಂಡರೆ ಇಂಕ್‌ಜೆಟ್. ಕಲ್ಲಚ್ಚಿನಲ್ಲಿ ಹಳದಿ ಅಂದರೆ ಬರೀ ಹಳದಿ. ಕಡ್ಡಿಯ ಗೆರೆ ಕಲ್ಲಿನ ಹರಳಿಗೆ ತಾಗಿ ಒಡೆದು ಒಡೆದು ಹೋಗಿರುತ್ತದೆ. ಲೊತ್ರೆಕ್‌ನಲ್ಲಿ ಇನ್ನೊಂದು ಗುರುತು ಕ್ರಾಶಿ: ಹಲ್ಲುಜ್ಜುವ ಬ್ರಷ್ಷನ್ನು ಮಸಿಗದ್ದಿ ಚಾಕುವಿನ ಅಲಗಿಗೆ ಉಜ್ಜಿ ಕಲ್ಲಿನ ಮೇಲೆ ಸಿಡಿಸುವುದು. ಅಂಗಳಕ್ಕೆ ಸೆಗಣಿ ನೀರು ಚಿಮುಕಿಸಿದ ಹಾಗೆ ಒಂದು ದೊಡ್ಡದು, ಹತ್ತು ಸಣ್ಣದು, ಒಂದರಂತೆ ಒಂದಿಲ್ಲ. ಚಿಮುಕಿಸಿದ ನೀರಿಗೂ ರಂಗೋಲಿಗೂ ವ್ಯತ್ಯಾಸ ತಿಳಿಯದವರು ನಮ್ಮಲ್ಲಿ ಯಾರಿದ್ದಾರೆ? ಅಜ್ಜನ ಮನೆಯಲ್ಲಿ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ ಇದ್ದರೆ ಅದಕ್ಕೂ ಇದೇ ಲೂಪ್ ಹಿಡಿಯಿರಿ. ಅವಳ ಕೆನ್ನೆಯ ನೆರಳೂ ಕೈಯಲ್ಲಿ ಇಟ್ಟ ಚುಕ್ಕಿಗಳದ್ದೇ.

ಇನ್ನೊಂದು ಸುಲಭದ ಉಪಾಯ ಮಡಿಕೆ. ಹಳೆಯ ಪೋಸ್ಟರುಗಳನ್ನು ಮಡಚಿಡುತ್ತಿದ್ದರು, ಮಡಿಕೆಯ ಗುರುತು ಸಹಜ. ನಕಲಿನಲ್ಲಿ ಮಡಿಕೆಯೂ ಇರುತ್ತದೆ, ಹರಿದ ಅಂಚೂ ಇರುತ್ತದೆ, ಎಲ್ಲವೂ ಚಿತ್ರದಲ್ಲಿ! ಬೆರಳಿಟ್ಟರೆ ನುಣ್ಣಗೆ. ಯಾವುದೋ ಮ್ಯೂಸಿಯಂ ಪ್ರತಿಯ ಗಾಯಕ್ಕೆ ಇಲ್ಲಿ ನಾವು ದುಡ್ಡು ಕೊಡುತ್ತೇವೆ. ಚಹಾದಲ್ಲಿ ಅದ್ದಿ ಹಳತು ಮಾಡಿದ್ದೂ ಬರುತ್ತದೆ, ಅದು ಮೂಲೆಯಿಂದ ಮೂಲೆಗೆ ಒಂದೇ ಕಂದು. ವಯಸ್ಸಿನಿಂದ ಕಂದಿದ ಕಾಗದ ಅಂಚಲ್ಲಿ ಗಾಢ, ನಡುವೆ ತಿಳಿ.

ಮಾರುವವರ ಬತ್ತಳಿಕೆಯಲ್ಲಿ ಒಂದು ಬಾಣ ಇದೆ: ‘ಆಫ್‌ಸೆಟ್ಟೂ ಲಿಥೋಗ್ರಫಿಯೇ, ಅದರ ತತ್ವವೂ ಎಣ್ಣೆ-ನೀರೇ.’ ನಿಜ, ನೂರಕ್ಕೆ ನೂರು ನಿಜ. ಆ ಲೆಕ್ಕದಲ್ಲಿ ಮದುವೆಯ ಕರೆಯೋಲೆಯೂ ಲಿಥೋಗ್ರಾಫ್, ಬಜ್ಜಿ ಕಟ್ಟಿಕೊಡುವ ಪೇಪರೂ ಲಿಥೋಗ್ರಾಫ್. ಅದನ್ನೂ ಫ್ರೇಮ್ ಹಾಕಿಸೋಣ್ವಾ?

‘ಚೆಂದ ಕಂಡರೆ ಸಾಕಲ್ವಾ, ಯಾಕಿಷ್ಟು ತಲೆಬಿಸಿ’ ಅನ್ನುವವರಿಗೆ: ಸಾಕು. ನಕಲು ತೂಗುಹಾಕುವುದು ಅಪರಾಧವಲ್ಲ. ಸತ್ಯ ಹೇಳಬೇಕೆಂದರೆ ಲೊತ್ರೆಕ್‌ನದೇ ಇನ್ನೊಂದು ಪೋಸ್ಟರ್ ‘ದಿವಾಂ ಜಪೋನೆ’ಯ ಒಳ್ಳೆಯ ನಕಲೊಂದು ನನ್ನ ಗೋಡೆಯ ಮೇಲೂ ಇದೆ. ಮುಂದೆ ಕಪ್ಪುಡುಗೆಯ ಜೇನ್ ಅವ್ರಿಲ್. ಅವಳೂ ನರ್ತಕಿಯೇ, ಆದರೆ ಅಲ್ಲಿ ಪ್ರೇಕ್ಷಕಿ. ಹಿಂದೆ ವೇದಿಕೆಯಲ್ಲಿ ಹಾಡುವ ಇವೆತ್ ಗಿಲ್ಬೇರ್‌ಳ ತಲೆಯನ್ನೇ ಅಂಚಿಗೆ ಕತ್ತರಿಸಿದ್ದಾನೆ ಪುಣ್ಯಾತ್ಮ, ಉದ್ದನೆಯ ಕಪ್ಪು ಕೈಗವಸಿನಿಂದಲೇ ಜನ ಗುರುತು ಹಿಡಿಯಲಿ ಅಂತ. ಅಂಥದ್ದನ್ನು ದಿನಾ ನೋಡುವುದಕ್ಕೆ ಅಸಲಿಯೇ ಬೇಕೆಂದಿಲ್ಲ. ಐನೂರು ರೂಪಾಯಿಗೆ ‘ಪ್ರಿಂಟ್’ ಅಂತ ಮಾರಲಿ, ನಾನೇ ನಾಲ್ಕು ಜನಕ್ಕೆ ಹೇಳ್ತೇನೆ. ಲಿಥೋಗ್ರಾಫ್ ಅನ್ನೋ ಒಂದು ಪದಕ್ಕೆ ಮೂರೂವರೆ ಸಾವಿರ ಹೆಚ್ಚಿಗೆ ಯಾಕೆ ಕಕ್ಕಬೇಕು?

ಅಕಸ್ಮಾತ್ ಅಸಲಿ ಹಾಳೆ ಯಾರ ಕೈಗಾದರೂ ಬಂದರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಹತ್ತಿದ ಪ್ಲಾಸ್ಟಿಕ್ ಆ ಕಾಗದವನ್ನು ಬಿಟ್ಟು ಬರುವುದಿಲ್ಲ. ಆಗಿನ ಅಗ್ಗದ ಮರದ ತಿರುಳಿನ ಕಾಗದ ತನ್ನ ಹುಳಿಗೆ ತಾನೇ ಪುಡಿಯಾಗುವಂಥದ್ದು. ತಿಳಿದವರು ಬಿಗಿದ ಬಟ್ಟೆಗೆ ಆಸಿಡ್ ಇಲ್ಲದ ಕಾಗದ ಅಂಟಿಸಿ, ಅದರ ಮೇಲೆ ಗೋಧಿ ಗಂಜಿಯ ಅಂಟಿನಲ್ಲಿ ಪೋಸ್ಟರ್ ಕೂರಿಸುತ್ತಾರೆ. ನಾಳೆ ಬೇಕಾದರೆ ನೀರಿನಲ್ಲೇ ಬಿಡಿಸಬಹುದು. ಕರಾವಳಿಯ ಮಳೆಗಾಲದಲ್ಲಿ ಗಂಜಿ ವಾಸನೆಗೆ ಬೆಳ್ಳಿಹುಳ ಬರುತ್ತದೆ, ಹೊರಗೋಡೆಗೆ ತೂಗಬೇಡಿ. ಗಾಜು ಹಾಳೆಗೆ ತಾಗದಂತೆ ನಾಲ್ಕೈದು ಮಿಲಿಮೀಟರ್ ಅಂತರ ಇಡಿಸಿ, ಬಿಸಿಲು ಬೀಳದಿರಲಿ. ಮ್ಯೂಸಿಯಂಗಳು 50 ಲಕ್ಸ್ ಮಂದ ಬೆಳಕಿನಲ್ಲಿಡುವುದು ಸುಮ್ಮನೆ ಅಲ್ಲ.

ಇದನ್ನೆಲ್ಲ ಬರೆಯುವಷ್ಟರಲ್ಲಿ ಆ ಜಾಹೀರಾತಿನ ಕೆಳಗೆ ಯಾರೋ ಪುಣ್ಯವಂತರು ಲೂಪ್ ಹಿಡಿದು ತೆಗೆದ ಫೋಟೋ ಕೇಳಿದ್ದಾರೆ. ಉತ್ತರವೂ ಬಂದಿದೆ: ‘ಫುಲ್ ಎಚ್‌ಡಿ ಸಾರ್, ಎಷ್ಟು ಜೂಮ್ ಮಾಡಿದ್ರೂ ಒಡೆಯಲ್ಲ.’