ನಾನೇ ಹಾಕಿದ ಬೀಗ

ನಮ್ಮ ಕಚೇರಿಯ ಪಾಸ್‌ವರ್ಡ್ ನಿಯಮಗಳನ್ನು ರೂಪಿಸಿದ ಮಹಾನುಭಾವ ಯಾರೆಂದು ಸಹೋದ್ಯೋಗಿಗಳು ಶಪಿಸುವಾಗಲೆಲ್ಲ ನಾನೂ ಗಂಭೀರವಾಗಿ ತಲೆಯಾಡಿಸುತ್ತೇನೆ. ಆ ಮಹಾನುಭಾವ ನಾನೇ.

ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಒಂದೇ ಕಡೆಯಿಂದ ನಿಯಂತ್ರಿಸುವ ವಿಂಡೋಸ್ ಡೊಮೇನ್ ತಾನಾಗಿಯೇ ಪಾಸ್‌ವರ್ಡಿಗೆ 42 ದಿನಗಳ ಆಯುಸ್ಸನ್ನು ಕೊಡುತ್ತದೆ, ಹಿಂದಿನ 24 ಪಾಸ್‌ವರ್ಡುಗಳನ್ನು ನೆನಪಿಟ್ಟುಕೊಂಡು ಅವನ್ನು ಮತ್ತೆ ಬಳಸಲು ಬಿಡುವುದಿಲ್ಲ. ಆದರೆ ನಾನು ಚಾಪೆಯ ಕೆಳಗೆ ತೂರಿದರೆ ಜನ ರಂಗೋಲಿಯ ಕೆಳಗೆ ತೂರುತ್ತಾರೆ. ಲೆಕ್ಕಪತ್ರ ವಿಭಾಗದವರೊಬ್ಬರು ಒಂದೇ ಮಧ್ಯಾಹ್ನ 24 ಸಲ ಪಾಸ್‌ವರ್ಡ್ ಬದಲಾಯಿಸಿ, 25ನೆಯ ಸಲ ಹಳೆಯದಕ್ಕೇ ಮರಳಿದ್ದರು. ಒಮ್ಮೆ ಬದಲಾಯಿಸಿದರೆ ಒಂದು ದಿನ ಕಳೆಯುವವರೆಗೆ ಮತ್ತೆ ಮುಟ್ಟುವಂತಿಲ್ಲ ಎಂಬ, ಯಾರೋ ಸಡಿಲಿಸಿದ್ದ ನಿಯಮವನ್ನು ನಾನು ಅಂದೇ ಬಿಗಿಗೊಳಿಸಿದೆ. ಕಾಲಕಾಲಕ್ಕೆ ಪಾಸ್‌ವರ್ಡ್ ಬದಲಾಯಿಸುವಂತೆ ಪೀಡಿಸಬೇಡಿ ಎಂದು ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿದ್ದನ್ನು ಓದಿದ್ದೇನೆ. ಆದರೆ ನಮ್ಮ ಲೆಕ್ಕಪರಿಶೋಧಕರು ಓದಿದಂತಿಲ್ಲ.

ಈ ಜಾಣತನ ಹೊಸದೇನಲ್ಲ. 1962ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ, ಹಲವರು ಸಮಯ ಹಂಚಿಕೊಂಡು ಬಳಸುತ್ತಿದ್ದ ಸಿಟಿಎಸ್‌ಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ವಾರಕ್ಕೆ ಸಿಗುತ್ತಿದ್ದ 4 ಗಂಟೆ ಸಾಲದೆ, ಅಲನ್ ಶೆರ್ ಎಂಬ ಸಂಶೋಧಕರು ಎಲ್ಲರ ಪಾಸ್‌ವರ್ಡುಗಳನ್ನೂ ಮುದ್ರಿಸಿಕೊಂಡು ಪರರ ಪಾಲಿನ ಸಮಯವನ್ನು ಬಳಸಿದ್ದರು. ಇಂಥವರನ್ನು ತಡೆಯಲೆಂದೇ ನಮ್ಮ ವ್ಯವಹಾರದ ತಂತ್ರಾಂಶದಲ್ಲಿ ಒಬ್ಬರಿಗೆ ಒಂದೇ ಸೆಷನ್ (ಅಂದರೆ ಒಂದು ಹೊತ್ತಿಗೆ ಒಂದೇ ಕಡೆ ಲಾಗಿನ್), 15 ನಿಮಿಷ ಸುಮ್ಮನಿದ್ದರೆ ತಾನಾಗಿಯೇ ಲಾಗೌಟ್, 5 ಸಲ ತಪ್ಪಿದರೆ ಖಾತೆಗೆ ಬೀಗ ಎಂದು ಕಟ್ಟಳೆ ಮಾಡಿದ್ದೆ.

ತಿಂಗಳ ಕೊನೆಯ ದಿನ. ಬೆಳಗ್ಗೆಯಷ್ಟೇ ಹೊಸ ಪಾಸ್‌ವರ್ಡ್ ಇಟ್ಟುಕೊಂಡು, ಸಭೆಯಲ್ಲಿ ವರದಿ ತೋರಿಸಲು ಅಲ್ಲಿನ ಲ್ಯಾಪ್‌ಟಾಪಿನ ಮುಂದೆ ಕುಳಿತೆ. ತಪ್ಪು ಎಂದಿತು. ಅಕ್ಷರಗಳನ್ನು ಬಾಯಲ್ಲಿ ಹೇಳಿಕೊಂಡು ಒತ್ತುವುದು ನನ್ನ ಹಳೆಯ ಚಾಳಿ. ಗಾಬರಿಯಾದಂತೆಲ್ಲ ದನಿ ಏರುತ್ತದೆ. ಐದನೆಯ ಸಲಕ್ಕೆ ಬೀಗ ಬಿತ್ತು. ನನಗಿಂತ ಮೊದಲು ಅಲ್ಲಿ ಕುಳಿತಿದ್ದವರು ಯಾರೋ ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ ಹೋಗಿದ್ದರು. ಆ ಕಪ್ಪು ಚುಕ್ಕೆಗಳ ಹಿಂದೆ ಐದೂ ಸಲ ಅಪ್ಪಟ ಕನ್ನಡದ ಅಕ್ಷರಗಳು ಸಾಲಾಗಿ ಕುಳಿತಿದ್ದವು. ಕನ್ನಡಾಭಿಮಾನವನ್ನು ತೋರಿಸಿಕೊಳ್ಳಲು ಅದು ಸಮಯವಾಗಿರಲಿಲ್ಲ.

ಸಹಾಯಕರು ಬೀಗ ತೆಗೆದರು. ಈಗ ಪಾಸ್‌ವರ್ಡ್ ಸರಿಹೋಯಿತು, ಆದರೆ ‘ಈ ಬಳಕೆದಾರರು ಈಗಾಗಲೇ ಬೇರೆಡೆ ಲಾಗಿನ್ ಆಗಿದ್ದಾರೆ’ ಎಂಬ ಸಂದೇಶ ಬಂತು. ಬೇರೆಡೆ ಎಂದರೆ ನನ್ನದೇ ಮೇಜಿನಲ್ಲಿ. ಆ ಸೆಷನ್ ತಾನಾಗಿ ಮುಗಿಯಲು ಇನ್ನೂ 3 ನಿಮಿಷವಿತ್ತು. ಅಷ್ಟು ಹೊತ್ತು ಎಲ್ಲರೂ ಖಾಲಿ ಪರದೆಯನ್ನೂ ನನ್ನನ್ನೂ ಸರದಿಯಂತೆ ನೋಡಿದರು.

ಸಭೆ ಮುಗಿದ ಕೂಡಲೇ, ಇಡೀ ಕೋಣೆಗೆ ಐದು ಸಲ ಪಾಠ ಒಪ್ಪಿಸಿದ್ದ ಪಾಸ್‌ವರ್ಡನ್ನು ಬದಲಾಯಿಸಲು ಓಡಿದೆ. ಪರದೆ ಒಪ್ಪಲಿಲ್ಲ. ಪಕ್ಕದಲ್ಲೇ ಹಾದುಹೋಗುತ್ತಿದ್ದ ಲೆಕ್ಕಪತ್ರ ವಿಭಾಗದವರು ಬಗ್ಗಿ ನೋಡಿ, ಬಹಳ ಮರ್ಯಾದೆಯಿಂದ, “ನಾಳೆ ಬೆಳಗ್ಗೆ ಆಗುತ್ತದೆ ಸಾರ್” ಎಂದರು.