ಮೆಗಾವ್ಯಾಟ್ ಮಹೋತ್ಸವ

ನಮ್ಮಲ್ಲಿ ಇಂಗಾಲ ಇಳಿಸುವುದಕ್ಕಿಂತ ಮೆಗಾವ್ಯಾಟ್ ಏರಿಸುವುದು ಸುಲಭ. ಮೆಗಾವ್ಯಾಟಿಗೆ ಶಂಕುಸ್ಥಾಪನೆ ಉಂಟು, ರಿಬ್ಬನ್ನು ಕತ್ತರಿ ಉಂಟು, ಡ್ರೋನ್ ಫೋಟೋ ಉಂಟು. ಸುಡದೆ ಉಳಿದ ಕಲ್ಲಿದ್ದಲಿನ ಮುಂದೆ ನಿಂತು ಯಾರು ಫೋಟೋ ತೆಗೆಸಿಕೊಳ್ಳುತ್ತಾರೆ?

2025ರಲ್ಲಿ ದೇಶವೇ ಹಬ್ಬ ಮಾಡಿತು. ಸ್ಥಾಪಿತ ಸಾಮರ್ಥ್ಯದಲ್ಲಿ, ಅಂದರೆ ವಿದ್ಯುತ್ ಸ್ಥಾವರಗಳೆಲ್ಲ ಪೂರ್ತಿ ಓಡಿದರೆ ಕೊಡಬಲ್ಲ ಕರೆಂಟಿನಲ್ಲಿ, ಅರ್ಧ ಪಾಲು ಕಲ್ಲಿದ್ದಲು, ಗ್ಯಾಸು, ಡೀಸೆಲ್ ಬಿಟ್ಟ ಮೂಲಗಳದ್ದಾಯಿತು. 2030ರ ಗುರಿ ಐದು ವರ್ಷ ಮೊದಲೇ ಮುಟ್ಟಿತು. ಮೀಟರಿನ ಲೆಕ್ಕ ಕೇಳಿದರೆ ಮಾತ್ರ ಹತ್ತು ಯೂನಿಟಿನಲ್ಲಿ ಸುಮಾರು ಏಳು ಈಗಲೂ ಕಲ್ಲಿದ್ದಲಿನವೇ. ಎರಡೂ ಸುಳ್ಳಲ್ಲ. ಪಾವಗಡದ ಸೋಲಾರ್ ಪಾರ್ಕ್ 13,000 ಎಕರೆ, 2,050 ಮೆಗಾವ್ಯಾಟ್. ಅಲ್ಲಿನ ಒಂದು ಕಿಲೋವ್ಯಾಟ್ ಪ್ಯಾನಲ್ ದಿನಕ್ಕೆ ಕೊಡುವುದು ನಾಲ್ಕೈದು ಯೂನಿಟ್. ಕಲ್ಲಿದ್ದಲಿನ ಒಂದು ಕಿಲೋವ್ಯಾಟ್ ಮೈಬಗ್ಗಿಸಿದರೆ ಇಪ್ಪತ್ತು ಕೊಡುತ್ತದೆ. ರಾತ್ರಿ ಬಿಸಿಲಿರದಿದ್ದರೆ ಪ್ಯಾನಲ್ ಏನು ಮಾಡೀತು ಪಾಪ! ಆದರೆ ಭಾಷಣಕ್ಕೆ ನಿಂತಾಗ ಎರಡೂ ಮೆಗಾವ್ಯಾಟನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮ ಪದ್ಧತಿ.

ಇನ್ನು ಮಧ್ಯಾಹ್ನದ ಪ್ರಹಸನ. ಕಲ್ಲಿದ್ದಲಿನ ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಡಿಮೆ ಒಂದು ಕೆಜಿ ಇಂಗಾಲದ ಡೈಆಕ್ಸೈಡ್ ಚಿಮಣಿ ಹತ್ತುತ್ತದೆ. ಬಿಸಿಲಿನದೋ ಗಾಳಿಯದೋ ಒಂದು ಯೂನಿಟ್ ಬಂದಾಗ ಕಲ್ಲಿದ್ದಲಿನ ಯೂನಿಟ್ ಜಾಗ ಬಿಟ್ಟರಷ್ಟೇ ಒಂದು ಕೆಜಿ ಉಳಿತಾಯ. ಅದು ಜಾಗ ಬಿಡಬೇಕಲ್ಲ! ರಾಯಚೂರಿನ 210 ಮೆಗಾವ್ಯಾಟಿನ ಘಟಕವನ್ನು ಶೇ 55ಕ್ಕಿಂತ, ಅಂದರೆ ಸುಮಾರು 115ಕ್ಕಿಂತ ಕೆಳಗಿಳಿಸಿದರೆ ಬಾಯ್ಲರಿನ ಉರಿ ತಡವರಿಸುತ್ತದೆ, ಆರದಂತೆ ಎಣ್ಣೆ ಸುರಿಯಬೇಕು. ಪೂರ್ತಿ ಆರಿಸಿದರೆ ಮತ್ತೆ ಹೊತ್ತಿಸಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಸಂಜೆಯಾಗಿ ಎಲ್ಲರ ಮನೆಯಲ್ಲೂ ಲೈಟು ಹತ್ತಿರುತ್ತದೆ. ಹೀಗಾಗಿ ಬೇಡಿಕೆ ತಗ್ಗಿ ಗ್ರಿಡ್ಡಿನ, ಅಂದರೆ ವಿದ್ಯುತ್ ಜಾಲದ, ನಾಡಿಮಿಡಿತವಾದ ಫ್ರೀಕ್ವೆನ್ಸಿ ತನ್ನ ಮೇಲಿನ ಮಿತಿ 50.05 ಹರ್ಟ್ಜ್ ದಾಟಿದರೆ ಬಾಯ್ಲರನ್ನು 55ರ ಮೆಟ್ಟಿಲಲ್ಲಿ ಕೂರಿಸಿ, ಮುಂದಿನ ಫೋನು ಬಿಸಿಲಿಗೆ: ‘ಸ್ವಲ್ಪ ಇಳಿಸ್ಕೊಳ್ಳಿ ಸ್ವಾಮಿ.’

ಕಾಗದದ ಮೇಲೆ ಬಿಸಿಲು, ಗಾಳಿಗೆ ‘ಮಸ್ಟ್ ರನ್’ ಎಂಬ ಬಿರುದಿದೆ. ಗ್ರಿಡ್ ಸುರಕ್ಷತೆಗಲ್ಲದೆ ನಿಲ್ಲಿಸುವಂತಿಲ್ಲ. ಆದ್ದರಿಂದ ನಿಲ್ಲಿಸಿದಾಗಲೆಲ್ಲ ಗ್ರಿಡ್ ಅಪಾಯದಲ್ಲಿರುತ್ತದೆ. 2021ರಲ್ಲಿ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿ ತಮಿಳುನಾಡಿನ ಇಂಥದೊಂದು ಪ್ರಕರಣವನ್ನು ಕೆದಕಿದಾಗ ಅಪಾಯವಿದ್ದದ್ದು ಗ್ರಿಡ್ಡಿಗಲ್ಲ, ಕರೆಂಟ್ ಕೊಳ್ಳುವ ಕಂಪನಿಯ ಕಿಸೆಗೆ ಎಂದು ಗೊತ್ತಾಯಿತು. ಪರಿಹಾರ ಕೊಡಿ ಎಂದಿತು.

ಮಧ್ಯಾಹ್ನ ಬಿಸಿಲಿನ ಕರೆಂಟ್ ಬೇಡವೆಂದ ಇಂಥ ಕಂಪನಿಗಳೇ ಸಂಜೆ ಏಳಕ್ಕೆ ಕರೆಂಟಿನ ಸಂತೆಯಾದ ಪವರ್ ಎಕ್ಸ್‌ಚೇಂಜಿನಲ್ಲಿ ಕೈಯೊಡ್ಡಿ ನಿಲ್ಲುತ್ತವೆ. ಅಲ್ಲಿ ಯೂನಿಟಿಗೆ ಹತ್ತು ರೂಪಾಯಿ ಗರಿಷ್ಠ ಮಿತಿಯಿದೆ, ಬಿಗಿಯಾದ ದಿನ ದರ ಅಲ್ಲಿಗೇ ಹೋಗಿ ತಲೆ ತಾಗಿಸುತ್ತದೆ. ಪಂಪ್‌ಸೆಟ್ಟಿಗೆ ಹಗಲಲ್ಲೇ ಏಳು ತಾಸು ಥ್ರೀ ಫೇಸ್ ಕೊಟ್ಟರೆ ಮಧ್ಯಾಹ್ನದ ಕರೆಂಟ್ ಬ್ಯಾಟರಿಯ ಹಂಗಿಲ್ಲದೆ ಗದ್ದೆಯಲ್ಲೇ ಖರ್ಚಾಗುತ್ತದೆ, ರೈತನಿಗೂ ನಡುರಾತ್ರಿ ಹಾವು ತುಳಿಯುವ ಭಾಗ್ಯ ತಪ್ಪುತ್ತದೆ. ಎಲ್ಲ ಫೀಡರಿಗೂ ಇದು ಬರುವ ಹೊತ್ತಿಗೆ ಇನ್ನೆಷ್ಟು ಬೋರ್‌ವೆಲ್ ಬತ್ತಿರುತ್ತವೋ.

ಮಾಳಿಗೆಯ ಕಥೆ ಇನ್ನೂ ಸೊಗಸು. ಮನೆ ಮೇಲೆ ಮೂರು ಕಿಲೋವ್ಯಾಟ್ ಪ್ಯಾನಲ್ ಹಾಕಿಸಿದರೆ ಕೇಂದ್ರ 78,000 ರೂಪಾಯಿ ಸಬ್ಸಿಡಿ ಕೊಡುತ್ತದೆ. ಹಾಕಿಸದೆ ಕೂತರೆ ಗೃಹಜ್ಯೋತಿಯಲ್ಲಿ ರಾಜ್ಯ ತಿಂಗಳಿಗೆ 200 ಯೂನಿಟ್‌ವರೆಗೆ ಪುಕ್ಕಟೆ ಕೊಡುತ್ತದೆ. ಏಣಿ ಯಾರು ಹತ್ತುತ್ತಾರೆ? ಹಟ ಹಿಡಿದು ಹತ್ತಿದವರ ಪ್ಯಾನಲ್ ಮೇಲೆ ನಾಲ್ಕು ಗಂಟೆಗೆ ನೀರಿನ ಟ್ಯಾಂಕಿನ ನೆರಳು. ಸಾಲಾಗಿ ಜೋಡಿಸಿದ ಎಂಟರಲ್ಲಿ ಒಂದಕ್ಕೆ ನೆರಳು ಬಿದ್ದರೆ ಇಡೀ ಸಾಲೇ ಸೊರಗುತ್ತದೆ. ಟ್ಯಾಂಕನ್ನು ಉತ್ತರಕ್ಕೆ ಸರಿಸಿ, ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಬೇಗ, ಗಾಜು ಕಾಯುವ ಮುನ್ನ, ತೊಳೆದರೆ ಸಾಕು. ಈ ಕೆಲಸಕ್ಕೆ ಯಾವ ಮಂತ್ರಿಯೂ ಬರುವುದಿಲ್ಲ, ಬಕೆಟ್ ನೀವೇ ಹೊರಬೇಕು.