ಆಕಾಶಕ್ಕೆ ಹೊಡೆಯೋನಿಗೆ ಗುರಿ ಯಾಕೆ?

ನಮ್ಮನೆ ಕೋವಿಯ ಮಣಿ ಕಳೆದುಹೋಗಿದೆ. ಅಜ್ಜನ ಕಾಲದ ಒಂಟಿ ನಳಿಗೆ ತೋಟಾ ಕೋವಿ. ನಳಿಗೆಯ ತುದಿಯಲ್ಲಿ ಹಿತ್ತಾಳೆಯ ಸಣ್ಣದೊಂದು ಮಣಿ ಇರುತ್ತದಲ್ಲ, ಒಂದು ಕಣ್ಣು ಮುಚ್ಚಿ ಅದನ್ನು ನೋಡಿಕೊಂಡು ಗುರಿ ಹಿಡಿಯುತ್ತಾರಲ್ಲ, ಅದು. 2024ರ ಮಾರ್ಚ್‌ನಲ್ಲಿ ಕೋವಿ ಠಾಣೆಗೆ ಹೋಗುವಾಗ ಇತ್ತು. ಜೂನ್‌ನಲ್ಲಿ ಮನೆಗೆ ಬರುವಾಗ ಇರಲಿಲ್ಲ.

ಕೋವಿಗೆ ಠಾಣೆಯಲ್ಲೇನು ಕೆಲಸ ಅಂತ ಪೇಟೆಯವರು ಕೇಳಬಹುದು. ಚುನಾವಣೆ ಕಣ್ರೀ. ಮಲೆನಾಡಿನಲ್ಲಿ ಚುನಾವಣೆ ಬಂತು ಅಂತ ನಮಗೆ ಗೊತ್ತಾಗುವುದು ಬ್ಯಾನರ್ ನೋಡಿ ಅಲ್ಲ, ಠಾಣೆಯಿಂದ ಫೋನ್ ಬಂದಾಗ. "ಕೋವಿ ತಂದು ಠೇವಣಿ ಇಟ್ಟು ಹೋಗಿ ಗೌಡ್ರೇ." ಆಯೋಗದ ಸೂಚನೆ ಓದಿದರೆ ವಿಷಯ ಬೇರೆಯೇ ಇದೆ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಾಟೆಯಲ್ಲಿದ್ದವರು, ಇಂಥವರ ಲೈಸೆನ್ಸನ್ನು ಒಂದೊಂದಾಗಿ ನೋಡಿ ತೀರ್ಮಾನ ಮಾಡಬೇಕು, ಅದಕ್ಕೊಂದು ಸಮಿತಿಯೂ ಇದೆ. ಆದರೆ ಒಂದೊಂದಾಗಿ ನೋಡಲು ಯಾರಿಗಿದೆ ಪುರುಸೊತ್ತು? ಎಲ್ಲರದ್ದೂ ತನ್ನಿ. ಪಕ್ಕದ ತೋಟದ ಅಣ್ಣಯ್ಯನಿಗೆ ಎಪ್ಪತ್ತೆಂಟು ವರ್ಷ, ಎರಡೂ ಮಂಡಿ ಹೋಗಿವೆ, ಅವರು ಮತಗಟ್ಟೆ ವಶಪಡಿಸಿಕೊಳ್ಳಬೇಕಾದರೂ ಯಾರಾದರೂ ಆಟೊ ಮಾಡಿಕೊಡಬೇಕು. ಅವರ ಕೋವಿಯೂ ಹೋಯಿತು.

ಆ ಸಲ ನೀತಿ ಸಂಹಿತೆ ಬಂದದ್ದು ಮಾರ್ಚ್ 16ಕ್ಕೆ. ನಮ್ಮ ಕಡೆ ಮತದಾನ ಏಪ್ರಿಲ್ 26ಕ್ಕೆ. ಅಲ್ಲಿಗೆ ನಮ್ಮ ಪಾಲಿನ ಪ್ರಜಾಪ್ರಭುತ್ವ ಮುಗಿಯಿತು, ಕೋವಿ ಕೊಡಿ ಸ್ವಾಮಿ ಅಂದರೆ, ಇಲ್ಲ, ದೇಶದ ಚುನಾವಣೆ ಮುಗಿದಿಲ್ಲ ಅಂದರು. ವಾರಾಣಸಿಯವರು ಓಟು ಹಾಕುವುದು ಜೂನ್ 1ಕ್ಕೆ, ಎಣಿಕೆ ಜೂನ್ 4ಕ್ಕೆ. ಒಟ್ಟು ಎಂಬತ್ತು ದಿನ. ಉಗುರು ಬೆಳೆದು ಬೆರಳಿನ ಶಾಯಿ ತುದಿಗೆ ಬಂದಿತ್ತು, ಕೋವಿ ಮಾತ್ರ ಠಾಣೆಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಇತ್ತ ಮಂಗಗಳು ಸಿಯಾಳ ಕಿತ್ತು ಅರ್ಧ ಕುಡಿದು ಎಸೆದವು, ಬಾಳೆಗೊನೆ ಮುಗಿಸಿ ಎಳೆ ಅಡಿಕೆಗೆ ಕೈ ಹಾಕಿದವು. ಹಂದಿಗಳು ತೋಟ ಉತ್ತು ಹಾಕಿದವು, ಕೂಲಿಯಿಲ್ಲದೆ.

ಕೊನೆಗೂ ಕೋವಿ ಕೈಗೆ ಬಂತು. ನೋಡಿದರೆ ಮೂತಿಯಲ್ಲಿ ಬರೀ ತೂತು.

"ಸಾರ್, ಇದರ ಮಣಿ?"

"ಯಾವ ಮಣಿ?"

"ಇಲ್ಲೊಂದಿತ್ತು ಸಾರ್. ಗುರಿ ಹಿಡಿಯೋದು."

ಪೇದೆ ರಸೀದಿ ತಿರುಗಿಸಿ ಮುರುಗಿಸಿ ನೋಡಿದರು. "ಕೋವಿ ಒಂದು ಅಂತಿದೆ ಗೌಡ್ರೇ. ಮಣಿ ಒಂದು ಅಂತ ಎಲ್ಲಿದೆ ತೋರಿಸಿ."

ಒಪ್ಪಲೇಬೇಕು, ಎಲ್ಲೂ ಇರಲಿಲ್ಲ.

ಸರಿ, ಒಂದು ಮಣಿ ತಾನೇ ಅಂತ ಊರಿನ ಅಕ್ಕಸಾಲಿ ಆಚಾರ್ರ ಹತ್ತಿರ ಹೋದೆ. ಮೂಗುಬೊಟ್ಟಿಗೆ ಕಣ್ಣಿಗೆ ಕಾಣದಂಥ ತಿರುಪು ಮಾಡುವ ಮನುಷ್ಯ, ಇದು ಅವರಿಗೆ ಐದು ನಿಮಿಷದ ಕೆಲಸ. ಅವರು ನಳಿಗೆ ನೋಡಿದ್ದೇ ಕೈ ಹಿಂದಕ್ಕೆ ತೆಗೆದರು. "ಮೂಗಿಗಾದರೆ ಈಗಲೇ ಮಾಡಿಕೊಡ್ತೀನಿ. ಇದಕ್ಕೆ ಬೇಡಪ್ಪ, ನಾಳೆ ನನ್ನ ಅಂಗಡಿಗೇ ಮಹಜರಿಗೆ ಬಂದಾರು." ಆಚಾರ್ರ ಭಯ ಸುಳ್ಳಲ್ಲ. ಬಂದೂಕು ರಿಪೇರಿ ಅಂಗಡಿಗೂ ಲೈಸೆನ್ಸ್ ಬೇಕು. ಅಷ್ಟೇ ಅಲ್ಲ, 1959ರ ಆಯುಧ ಕಾಯ್ದೆಯಲ್ಲಿ ಆಯುಧ ಎಂದರೇನು ಅಂತ ಹೇಳುವ ಜಾಗದಲ್ಲಿ ಆಯುಧದ ಬಿಡಿಭಾಗವೂ ಆಯುಧವೇ ಅಂತಿದೆ. ಅಕ್ಷರಕ್ಕೆ ಅಕ್ಷರ ಓದಿದರೆ ಕಳೆದುಹೋದದ್ದು ಮಣಿಯಲ್ಲ, ಒಂದು ಆಯುಧ! ಪೊಲೀಸ್ ಠಾಣೆಯ ಒಳಗಿನಿಂದ ಆಯುಧವೊಂದು ನಾಪತ್ತೆಯಾಗಿದೆ ಅಂತ ಅದೇ ಠಾಣೆಯಲ್ಲಿ ದೂರು ಕೊಡಬೇಕು ಅನ್ನಿಸಿತ್ತು, ಮನೆಯವಳು ತಡೆದಳು.

ಕಾಯ್ದೆಯ ಅದೇ ಸಾಲಿನ ಮುಂದೆ ಇನ್ನೊಂದು ಮುತ್ತಿದೆ, ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. ಮನೆ ಬಳಕೆಗೆ ಅಥವಾ ಬೇಸಾಯಕ್ಕೆ ಅಂತಲೇ ಮಾಡಿದ ವಸ್ತುಗಳು ಆಯುಧವಲ್ಲವಂತೆ. ಉದಾಹರಣೆ ಏನು ಕೊಟ್ಟಿದ್ದಾರೆ ಗೊತ್ತಾ? ಲಾಠಿ. ಲಾಠಿ ಮತ್ತು ಮಾಮೂಲಿ ಊರುಗೋಲು. ಧರಣಿಗೆ ಹೋಗಿ ಬೆನ್ನ ಮೇಲೆ ಬಾಸುಂಡೆ ತಂದುಕೊಂಡ ರೈತ ಬಂಧುಗಳೇ, ನಿಮ್ಮ ಮೇಲೆ ಬಿದ್ದದ್ದು ಕೃಷಿ ಸಲಕರಣೆ.

ಅಮೆರಿಕದ ಟೆಕ್ಸಾಸ್‌ನಲ್ಲಿರುವ ಅಕ್ಕನ ಮಗನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಅವನು ಬಿದ್ದು ಬಿದ್ದು ನಕ್ಕ. ಅಲ್ಲಿನ ಪೌರತ್ವ ಸಿಕ್ಕ ಖುಷಿಗೆ ಅವನೊಂದು ಸಿಂಗಲ್ ಆಕ್ಷನ್ ರಿವಾಲ್ವರ್ ಕೊಂಡಿದ್ದಾನೆ, ಪ್ರತಿ ಗುಂಡಿಗೂ ಹಿಂಬದಿಯಲ್ಲಿರುವ ಸುತ್ತಿಗೆಯಂಥ ಕೀಲನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯಬೇಕಾದ ಕೌಬಾಯ್ ಕಾಲದ ಮಾದರಿ. ಗುಂಡು ಗುರಿಗಿಂತ ಕೆಳಗೆ ಬೀಳುತ್ತಿತ್ತಂತೆ. ಹಾಗಾದಾಗ ಮೂತಿಯ ಮೇಲೆ ಗುರಿ ಹಿಡಿಯಲು ಇರುವ ಪಟ್ಟಿಯನ್ನು, ಅಂದರೆ ನಮ್ಮ ಮಣಿಯ ತಮ್ಮನನ್ನು, ಅರದಿಂದ ಉಜ್ಜಿ ಗಿಡ್ಡ ಮಾಡಬೇಕು, ಆಗ ಗುಂಡು ಮೇಲೇರುತ್ತದೆ. ನಮ್ಮ ಹುಡುಗ ಉಜ್ಜಿದ, ಉಜ್ಜಿದ, ಜಾಸ್ತಿಯೇ ಉಜ್ಜಿದ. ಈಗ ಗುಂಡು ಹಲಗೆಯ ಮೇಲಿಂದ ಹಾರಿ ಹೋಗುತ್ತಿತ್ತು. ಉಜ್ಜಿದ್ದನ್ನು ವಾಪಸ್ ಬೆಳೆಸೋಕಾಗಲ್ಲ ಅಲ್ವಾ, ಹೊಸದು ತರಿಸಿದ. "ಹೇಗೋ?" ಅಂದೆ. "ಅಂಚೆಯಲ್ಲಿ ಬಂತು ಮಾವ. ಒಂದು ಸ್ಕ್ರೂ ಅಷ್ಟೇ, ಅಡುಗೆಮನೆ ಮೇಜಿನ ಮೇಲೇ ಹಾಕಿಕೊಂಡೆ." ಅಲ್ಲಿ 1968ರ ಕಾನೂನಿನ ಪ್ರಕಾರ ರಿವಾಲ್ವರಿನ ಚೌಕಟ್ಟು ಮಾತ್ರ ಬಂದೂಕು, ಮಿಕ್ಕಿದ್ದೆಲ್ಲ ಷರ್ಟಿನ ಗುಂಡಿ ಇದ್ದ ಹಾಗೆ. ಮಂಗವಿಲ್ಲ, ಅಡಿಕೆಯಿಲ್ಲ, ಇರುವುದು ಅಪಾರ್ಟ್‌ಮೆಂಟಿನ ಮೂರನೇ ಮಹಡಿ, ಅವನಿಗೆ ರಿವಾಲ್ವರ್ ಯಾಕೆ ಅಂತ ಆ ದೇಶದಲ್ಲಿ ಯಾರೂ ಕೇಳಿಲ್ಲ. ಅವರದ್ದು ಇನ್ನೊಂದು ತರದ ಹುಚ್ಚು, ಇರಲಿ.

ಅಷ್ಟು ದೂರ ಯಾಕೆ, ನಮ್ಮ ಕೊಡಗಿನಲ್ಲೇ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಬ್ರಿಟಿಷರ ಕಾಲದಿಂದ. ನಮ್ಮ ಅಜ್ಜ ನಾಲ್ಕು ಬೆಟ್ಟ ಆಚೆ ಹುಟ್ಟಬಾರದಿತ್ತಾ?

ಕೊನೆಗೆ ಜಿಲ್ಲಾ ಕೇಂದ್ರದ ಬಂದೂಕಿನ ಅಂಗಡಿಯೇ ಗತಿ ಅಂತಾಯಿತು. ಹೊರಡುವ ಮೊದಲು, ದಾರಿಯಲ್ಲಿ ಯಾರಾದರೂ ತಡೆದರೆ ಅಂತ, ಠಾಣೆಗೆ ಒಂದು ಮಾತು ಹೇಳಲು ಹೋದೆ. ಸಾಹೇಬರು ಇದ್ದರು. ಕೂರಿಸಿ ಕಾಫಿ ಕೊಟ್ಟರು, ಒಳ್ಳೆ ಮನುಷ್ಯ.

"ಲೈಸೆನ್ಸ್ ಯಾತಕ್ಕೆ ಕೊಟ್ಟಿದ್ದಾರೆ ಗೌಡ್ರೇ?"

"ಬೆಳೆ ರಕ್ಷಣೆಗೆ ಸಾರ್."

"ಹಂದಿ ಹೊಡೀತೀರಾ?"

"ಅಯ್ಯೋ ಇಲ್ಲ ಸಾರ್! 1972ರ ವನ್ಯಜೀವಿ ಕಾಯ್ದೆ ಇದೆಯಲ್ಲ. ಅರಣ್ಯ ಇಲಾಖೆ ಬರೆದು ಕೊಡದೆ ಮುಟ್ಟೋ ಹಾಗಿಲ್ಲ."

"ಮತ್ತೆ ಕೋವಿಯಲ್ಲಿ ಏನು ಮಾಡ್ತೀರಾ?"

"ಆಕಾಶಕ್ಕೆ ಹೊಡೆದು ಬೆದರಿಸ್ತೀನಿ."

ಸಾಹೇಬರು ಲೋಟ ಕೆಳಗಿಟ್ಟರು. "ಆಕಾಶಕ್ಕೆ ಹೊಡೆಯೋಕೆ ಗುರಿ ಯಾಕೆ ಬೇಕು?"

ಸುಮ್ನೆ ಎದ್ದು ಬಂದೆ. ಬೆಳೆ ಉಳಿಸಲು ಕೋವಿ ಕೊಡುತ್ತಾರೆ, ಬೆಳೆ ತಿನ್ನುವ ಪ್ರಾಣಿಗೆ ಹೊಡೆಯಬೇಡ ಅನ್ನುತ್ತಾರೆ, ಫಸಲಿನ ಹೊತ್ತಿಗೆ ಕೋವಿ ವಾಪಸ್ ಕೇಳುತ್ತಾರೆ, ಆಮೇಲೆ ಮಣಿ ಇಲ್ಲದೆ ಕೊಡುತ್ತಾರೆ. ಇದರಲ್ಲಿ ಸರಿಯಾಗಿ ಯೋಚನೆ ಮಾಡಿದ್ದು ಮಂಗಗಳು ಮಾತ್ರ.

ಅವತ್ತು ಸಂಜೆ ಅಂಗಳದಲ್ಲಿ ಮೆಣಸು ಒಣಗಿಸಿದ್ದರು. ಗುಂಡಗಿರುವ ಒಂದು ಕಾಳು ಆರಿಸಿ, ಫೆವಿಕ್ವಿಕ್ ಹಾಕಿ, ನಳಿಗೆಯ ತುದಿಗೆ ಕೂರಿಸಿದೆ. ಶುದ್ಧ ಬೇಸಾಯದ ವಸ್ತು, ಯಾವ ಕಾಯ್ದೆಯೂ ಮುಟ್ಟುವ ಹಾಗಿಲ್ಲ. ಹಿತ್ತಾಳೆಗಿಂತ ಚೆನ್ನಾಗಿ ಕಾಣುತ್ತದೆ ಕೂಡ.

ಮುಂದಿನ ಚುನಾವಣೆಗೆ ಮತ್ತೆ ಫೋನ್ ಬಂತು, ಹೋದೆ. ಅದೇ ಪೇದೆ.

"ಇದೇನು ಗೌಡ್ರೇ ಮೂತಿಯಲ್ಲಿ?"

"ಮೆಣಸು ಸಾರ್. ಈ ಸಲ ರಸೀದಿಯಲ್ಲಿ ಬರೀಬೇಕು."

ಅವರು ಬಗ್ಗಿ ಮೂಸಿದರು, ಒಂದು ಸೀನು ಸೀನಿದರು, ಆಮೇಲೆ ಕಾರ್ಬನ್ ಹಾಳೆ ಸರಿಮಾಡಿಕೊಂಡು ಬರೆದರು: ಕೋವಿ ಒಂದು, ಕಾಳುಮೆಣಸು ಒಂದು.